ಅಳಿಲಿಗೆಂದು ಮೀನುಬಲೆ ಹೊದೆಸುವ ಮುನ್ನ

ರಂಬುಟಾನ್ ಕೆಂಪಾಗುವ ಹೊತ್ತಿಗೆ ಕಾಸರಗೋಡಿನ ಮಂಜೇಶ್ವರದಿಂದ ಮುಳ್ಳೇರಿಯದ ತನಕ ಹಿತ್ತಿಲಿನ ಮರಗಳಿಗೆಲ್ಲ ಬಲೆ ಏರುತ್ತದೆ. ಎಷ್ಟೋ ಕಡೆ ಅದು ಕಡಲ ಕರೆಯಿಂದ ತಂದ ಹಳೆಯ ನೈಲಾನ್ ಮೀನುಬಲೆ. ಪುಕ್ಕಟೆ ಸಿಗುತ್ತದೆ, ಹಗುರ, ಮಳೆಗೆ ಕೊಳೆಯುವುದಿಲ್ಲ. ಕಳೆದ ಮಳೆಗಾಲದಲ್ಲಿ ಬದಿಯಡ್ಕ ಕಡೆಯ ಒಂದು ಮನೆಯಲ್ಲೂ ಇದನ್ನೇ ಹೊದೆಸಿದ್ದರು. ಎರಡಿಂಚಿನ ಕಣ್ಣು, ಮಿಕ್ಕ ಬಲೆ ಬುಡದಲ್ಲಿ ರಾಶಿ. ಮೂರನೆಯ ಬೆಳಿಗ್ಗೆ ಆ ರಾಶಿಯೊಳಗೆ ಆರಡಿಯ ಕೇರೆ ಹಾವು, ಮೈಗೆ ನಾಲ್ಕೈದು ಕಡೆ ಎಳೆ ಬಿಗಿದು ಚರ್ಮ ಸೀಳಿತ್ತು. ಮೇಲೆ ಗೆಲ್ಲಿನಲ್ಲಿ ಸೊಂಟಕ್ಕೆ ನೂಲು ಸುತ್ತಿಕೊಂಡು ಸತ್ತ ಅಳಿಲು. ಉಳಿದ ಅಳಿಲುಗಳು ಬಲೆ ಕಡಿದು ತೂತು ಮಾಡಿ ಹಣ್ಣು ತಿಂದು ಹೋಗಿದ್ದವು.

ಇದು ಬರೇ ದುರದೃಷ್ಟವಲ್ಲ. ಬಣ್ಣವಿಲ್ಲದ ತೆಳು ನೂಲು ಪ್ರಾಣಿಗೆ ಕಾಣುವುದೇ ಇಲ್ಲ. ಹಾವಿನ ಹುರುಪೆ ಹಿಂದಕ್ಕೆ ಬಾಗಿರುವುದರಿಂದ ಬಲೆಯ ಕಣ್ಣಿಗೆ ತಲೆ ತೂರಿಸಿದ ಮೇಲೆ ಹಿಂದೆ ಸರಿಯಲಾಗದು. ಮುಂದೆ ಹೋದಷ್ಟೂ ಬಿಗಿಯುತ್ತದೆ. ಅಳಿಲು ಹೊರಳಿ ಹೊರಳಿ ತಾನೇ ಗಂಟು ಹಾಕಿಕೊಳ್ಳುತ್ತದೆ. ಹಣ್ಣು ಮುಗಿದ ಮೇಲೂ ಬಲೆ ಮರದಲ್ಲೇ ಉಳಿದರೆ ಬಾವಲಿ, ಕೆಂಬೂತ ಸಿಕ್ಕಿಬೀಳುತ್ತವೆ.

ಬಲೆ ಬೇಕೇ ಬೇಕೆಂದರೆ ಬೆರಳಿನ ಪರೀಕ್ಷೆ ಮಾಡಿ. ಕಿರುಬೆರಳು ತೂರುವ ಬಲೆ ಬೇಡ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರಿಂದ ಮನೆಯ ಹಣ್ಣುಮರಗಳಿಗೆ ಹೊದೆಸುವ ಬಲೆಯ ಕಣ್ಣು, ಪೂರ್ತಿ ಎಳೆದಾಗಲೂ, 5 ಮಿ.ಮೀ. ಮೀರಬಾರದೆಂದು ಕಾನೂನೇ ಇದೆ. ದಪ್ಪ ಎಳೆಯ ಬಿಳಿ ನೆಯ್ಗೆ ಬಲೆ ತೆಗೆದುಕೊಳ್ಳಿ. ಹೂ ಉದುರಿ ಕಾಯಿ ಕಚ್ಚಿದ ಮೇಲೆಯೇ ಹೊದೆಸಿ, ಇಲ್ಲದಿದ್ದರೆ ಜೇನ್ನೊಣಕ್ಕೂ ದಾರಿಯಿಲ್ಲ. ಬಿದಿರಿನ ಚೌಕಟ್ಟು ಕಟ್ಟಿ ಡೋಲಿನ ಚರ್ಮದಂತೆ ಬಿಗಿದು, ಕೆಳಗಿನ ಅಂಚನ್ನು ಒಟ್ಟುಮಾಡಿ ಕಾಂಡಕ್ಕೇ ಕಟ್ಟಿ. ನೆಲದಲ್ಲಿ ಒಂದು ಮೊಳವೂ ಬಿದ್ದಿರಬಾರದು. ಅಷ್ಟು ಮಾಡಿದರೂ ಅಳಿಲು ಕಡಿಯದೆಂಬ ಭರವಸೆ ಇಲ್ಲ. ಅದರ ಮುಂಬಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಪ್ಲಾಸ್ಟಿಕ್ ಅದಕ್ಕೆ ಲೆಕ್ಕವಿಲ್ಲ.

ನಿಜವಾಗಿ ತಡೆಯುವುದು ಲೋಹ. ಅರ್ಧ ಇಂಚು ಕಣ್ಣಿನ ಜಿ.ಐ. ವೆಲ್ಡ್‌ಮೆಶ್ (ಸತು ಲೇಪಿಸಿದ ಕಬ್ಬಿಣದ ತಂತಿಯ ಜಾಲರಿ) ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಎರಡಡಿ ಉದ್ದ, ಒಂದಡಿ ಅಗಲದ ತುಂಡನ್ನು ಸುತ್ತಿದರೆ ಸುಮಾರು ಏಳೂವರೆ ಇಂಚು ವ್ಯಾಸದ ಗೂಡು. ಪೇರಳೆಯ ಒಂದು ಗೊಂಚಲಿಗೆ ಧಾರಾಳ. ಮೇಲೆ ಕೆಳಗೆ ಅದೇ ಮೆಶ್ಶಿನ ಮುಚ್ಚಳ, ಮೇಲಿನದರಲ್ಲಿ ಗೆಲ್ಲು ಹೋಗುವಷ್ಟೇ ಸೀಳು. ಭಾರ ಕಾಯಿಯ ತೊಟ್ಟಿಗೆ ಬೀಳದಂತೆ ಮೇಲಿನ ದಪ್ಪ ಗೆಲ್ಲಿಗೆ ತಂತಿ ಕಟ್ಟಿ. ಹೆಚ್ಚಿನವರು ತಪ್ಪುವುದು ಒಂದೇ ಕಡೆ: ಕಾಯಿ ಮೆಶ್ಶಿಗೆ ತಾಗಿರುತ್ತದೆ. ತಾಗಿದರೆ ಅಳಿಲು ಹೊರಗೆ ಕೂತೇ ಕೊರೆಯುತ್ತದೆ. ಸುತ್ತ ಒಂದೂವರೆ ಇಂಚು ಜಾಗ ಬೇಕು. ಕತ್ತರಿಸಿದ ತಂತಿಯ ತುದಿಗಳನ್ನು ಇಕ್ಕಳದಿಂದ ಮಡಚಲು ಮರೆಯಬೇಡಿ.

ಅಳಿಲು ಹತ್ತದಂತೆ ತೆಂಗಿಗೆ ನೆಲದಿಂದ ಎರಡು ಮೀಟರ್ ಎತ್ತರದಲ್ಲಿ 40 ಸೆಂ.ಮೀ. ಅಗಲದ ತಗಡು ಸುತ್ತುವುದುಂಟು. ಒಳ್ಳೆಯದೇ, ಆದರೆ ಪಕ್ಕದ ಮರದ ಮಡಲು ತಾಗುತ್ತಿದ್ದರೆ ತಗಡಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ. ಒತ್ತೊತ್ತಾದ ಅಡಿಕೆ ತೋಟದಲ್ಲಿ ಇದರ ಆಸೆಯೇ ಬೇಡ. ಹಲಸು, ಮಾವಿಗೆ ಹಾಕಿದರೆ ತಗಡಿನ ಎರಡು ತುದಿಗಳು ಒಂದರ ಮೇಲೊಂದು ಜಾರುವಂತೆ ಸ್ಪ್ರಿಂಗ್ ಕೊಟ್ಟು ಹಾಕಿ. ಅವುಗಳ ಕಾಂಡ ದಪ್ಪವಾಗುತ್ತಾ ಹೋಗುತ್ತದೆ, ಮೊಳೆ ಹೊಡೆದ ತಗಡು ತೊಗಟೆಯೊಳಗೆ ಹೂತು ಮರಕ್ಕೇ ಉರುಳಾಗುತ್ತದೆ. ಕೊಕ್ಕೋಗಂತೂ ಬಲೆಗಿಂತ ಕೊಯ್ಲೇ ಮದ್ದು. ಅಳಿಲು ಹೆಚ್ಚಾಗಿ ಹುಡುಕಿ ಬರುವುದು ಹಣ್ಣಾದ ಕೋಡಿಗೆ, ಹಳದಿ ತಿರುಗಿದ್ದನ್ನು ಮರದಲ್ಲಿ ಬಿಡದೆ ಹತ್ತು ದಿನಕ್ಕೊಮ್ಮೆ ಕೊಯ್ಯಿರಿ.

ಸಿಂಪಡಿಸಿದ ಮೆಣಸಿನ ನೀರು ನಮ್ಮ ಮಳೆಗೆ ಒಂದು ಗಂಟೆಯೂ ನಿಲ್ಲುವುದಿಲ್ಲ. ಅಂಟಿನ ಹಲಗೆಯಲ್ಲಿ ಓತಿ, ಹಕ್ಕಿ ಎಲ್ಲವೂ ಅಂಟುತ್ತವೆ. ವಿಷವಿಟ್ಟರೆ ಸತ್ತದ್ದನ್ನು ತಿಂದ ಬೆಕ್ಕೂ ಗೂಬೆಯೂ ಸಾಯಬಹುದು. ದೊಡ್ಡ ಕೆಂಜಳಿಲು ಬರುವ ಕಡೆ ಇನ್ನೂ ಜಾಗ್ರತೆ, ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಅಳಿಲನ್ನು ಬೋನಿನಲ್ಲಿ ಹಿಡಿದು ದೂರದ ಗುಡ್ಡೆಗೆ ಬಿಟ್ಟು ಬರುವುದನ್ನು ಹಲವರು ದಯೆಯೆಂದು ತಿಳಿದಿದ್ದಾರೆ. ಹಿಡಿದದ್ದು ತಾಯಿಯಾದರೆ ಮಾಡಿನ ಸಂದಿಯಲ್ಲಿರುವ ಎರಡು ಮೂರು ಮರಿಗಳು ಹಸಿದು ಸಾಯುತ್ತವೆ. ಮೂರು ಪಟ್ಟೆಯ ಅಳಿಲಿನ ಮರಿ ಮೊಲೆ ಬಿಡಲು ಹತ್ತು ವಾರ ಬೇಕು. ಖಾಲಿಯಾದ ಜಾಗಕ್ಕೆ ಪಕ್ಕದ ತೋಟದ ಅಳಿಲು ಬಂದೇ ಬರುತ್ತದೆ. ಮಾಡಿನ ತೂತು ಮುಚ್ಚುವುದಿದ್ದರೂ ಮೊದಲು ಒಳಗೆ ಮರಿ ಇದೆಯೇ ನೋಡಿ.

ಬಲೆಯಲ್ಲಿ ಅಳಿಲು ಸಿಕ್ಕಿದ್ದು ಕಂಡರೆ ಎಳೆಯಬೇಡಿ. ದಪ್ಪ ಬೈರಾಸನ್ನು ತಲೆಯ ಮೇಲೆ ಹಾಕಿ, ಕತ್ತಲಾದರೆ ಒದ್ದಾಟ ಕಡಿಮೆಯಾಗುತ್ತದೆ. ಸುತ್ತಲಿನ ಬಲೆಯನ್ನು ಮೊದಲು ಕತ್ತರಿಸಿ, ತುಂಡಿನ ಸಮೇತ ಕೆಳಗಿಳಿಸಿ, ಆಮೇಲೆ ಮೊಂಡು ತುದಿಯ ಕತ್ತರಿಯಿಂದ ಮೈಮೇಲಿನ ಎಳೆ ಒಂದೊಂದೇ ಬಿಡಿಸಿ. ಕೈಗೆ ದಪ್ಪ ಗ್ಲೌಸ್ ಇರಲಿ. ಬಾಯಿಗೆ ಹಾಲು ಹೊಯ್ಯಬೇಡಿ. ಬಿಗಿದ ಕಾಲು ಊದಿಕೊಂಡಿದ್ದರೆ ಕೂಡಲೇ ಬಿಡದೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮೃಗವೈದ್ಯರಿಗೆ ತೋರಿಸಿ. ಸಿಕ್ಕಿದ್ದು ಹಾವಾದರೆ ಕೇರೆಯೋ ನಾಗರವೋ ಎಂದು ನೋಡಲು ಹತ್ತಿರ ಹೋಗುವುದೇ ಬೇಡ. ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್‌ನಲ್ಲಿ ತಿಳಿಸಿದರೆ ತರಬೇತಾದ ಹಾವು ಹಿಡಿಯುವವರು ಬರುತ್ತಾರೆ. ಅವರು ಬರುವ ತನಕ ಬೆಕ್ಕು ನಾಯಿಗಳನ್ನು ಕಟ್ಟಿಹಾಕಿ.