ಡಬ್ಬ ಹಾಕಿ ನೋಡಿದ ಕುರ್ಚಿ

ಹೋದ ಭಾನುವಾರ ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಹಳೇ ಫರ್ನಿಚರ್ ಅಂಗಡಿಯೊಂದಕ್ಕೆ ಹೋಗಿದ್ದೆ. ಹೆಸರು ಬೇಡ ಬಿಡಿ. ಮೂಲೆಯಲ್ಲಿ ಒಂದು ‘ಚಂಡೀಗಢ ಕುರ್ಚಿ’. ಸಾಗವಾನಿ ಕಟ್ಟಿಗೆ, ಬೆತ್ತದ ಹೆಣಿಗೆ, ಕೈವಾರದ ಹಾಗೆ ಅಗಲಿಸಿದ ಕಾಲು. “ಪಕ್ಕಾ ಒರಿಜಿನಲ್ ಐತ್ರಿ ಸರ, ಎಂಬತ್ತೈದು ಸಾವಿರ.”

1950ರ ದಶಕದಲ್ಲಿ ಚಂಡೀಗಢ ಕಟ್ಟುವಾಗ ವಾಸ್ತುಶಿಲ್ಪಿ ಪಿಯರ್ ಜಾನರೆ ಅಲ್ಲಿನ ಸರ್ಕಾರಿ ಕಚೇರಿಗಳಿಗೆ ಮಾಡಿಸಿದ ಕುರ್ಚಿ ಇದು. ಆಮೇಲೆ ಗುಜರಿ ರೇಟಿಗೆ ಹೋದವು, ಈಗ ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆ. ಇಂಥವನ್ನು ಮಾರಬಾರದು ಅಂತ 2011ರಲ್ಲಿ ಕೇಂದ್ರ ಗೃಹ ಇಲಾಖೆಯ ಆದೇಶವೇ ಬಂತು. ಹಾಗಾದರೆ ಇದು ಇಲ್ಲಿಗೆ ಹೇಗೆ ಬಂತು? “ದಿಲ್ಲಿ ಕಡೆ ಪಾರ್ಟಿರಿ” ಅಂದರು, ಅಷ್ಟೇ.

ನಮ್ಮಪ್ಪ ಬಡಿಗತನ ಮಾಡಿದವರು. “ಕುರ್ಚಿ ಮ್ಯಾಲ ಕೂಡೂಕಿಂತ ಮೊದಲ ಡಬ್ಬ ಹಾಕಿ ನೋಡು” ಅನ್ನೋರು. ಹಾಕಿದೆ. ಸೀಟಿನ ಅಡಿಯಲ್ಲೂ ಮೇಲಿನಷ್ಟೇ ಕಪ್ಪು ಬಣ್ಣ, ಅದೂ ಹೊಳಪು. ಪಾಲಿಶ್ ಬಟ್ಟೆ ತಾಗದ ಜಾಗ ಒಣಗಿ ಮಂಕಾಗಿ ಇರಬೇಕಿತ್ತು ಅಲ್ವಾ? ಎಪ್ಪತ್ತು ವರ್ಷ ನೆಲದ ಮೇಲೆ ಎಳೆದಾಡಿದ ಕಾಲಿನ ತುದಿ ಸವೆಯದೇ ಇರುತ್ತದಾ? ಇಲ್ಲಿ ಅಂಚು ಬೆರಳಿಗೆ ಚುಚ್ಚುತ್ತಿತ್ತು. ಸ್ಕ್ರೂ ಎಲ್ಲ ಈಗಿನ ಪ್ಲಸ್ ತಲೆಯವು. ಅದೊಂದೇ ಆಗಿದ್ದರೆ ರಿಪೇರಿ ಅಂತ ಬಿಡಬಹುದಿತ್ತು. ಬೆತ್ತ ಹೊಸದಾಗಿತ್ತು, ಅದಕ್ಕೆ ನಾನು ತಕರಾರು ತೆಗೆಯಲಿಲ್ಲ. ಬೆತ್ತ ಹರಿಯುತ್ತದೆ, ಮತ್ತೆ ಹೆಣೆಸುತ್ತಾರೆ.

ಸಿಕ್ಕಿಬಿದ್ದಿದ್ದು ಬಿಳಿ ಅಕ್ಷರಗಳಲ್ಲಿ. ಅಸಲಿ ಕುರ್ಚಿಗಳ ಹಿಂದೆ ಇಲಾಖೆಯ ಹೆಸರು, ನಂಬರು ಬರೆದಿರುತ್ತಿದ್ದರು. ಇದರಲ್ಲೂ ಇತ್ತು. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಕಟ್ಟಿಗೆ ಮೇಲಿನ ಗೀರುಗಳ ಒಳಗೂ ಬಿಳಿ ಬಣ್ಣ ಇಳಿದಿತ್ತು. ಅಂದರೆ ಮೊದಲು ಗೀರಿದ್ದಾರೆ, ಆಮೇಲೆ ನಂಬರ್ ಬರೆದಿದ್ದಾರೆ! ಸುಮ್ನೆ ನಕ್ಕೆ.

ಕುರ್ಚಿ ಮಾತ್ರ ಚಲೋ ಇದೆ, ಸುಳ್ಳು ಹೇಳಲ್ಲ. ಕೂಡಿಕೆ ಗಟ್ಟಿ, ಕೂತರೆ ಬೆನ್ನಿಗೆ ಹಾಯ್ ಅನಿಸುತ್ತದೆ. ಮಾಡಿದ ಬಡಿಗ ಯಾರೋ, ಕೈ ಪಳಗಿದವನು. “ಎಂಬತ್ತೈದೇ ಕೊಡ್ತೀನ್ರಿ, ಬಿಲ್ ಮ್ಯಾಲ ಒರಿಜಿನಲ್, ಇಂಥಾ ವರ್ಷದ್ದು ಅಂತ ಬರೀರಿ” ಅಂದೆ. ಮಾಲೀಕರು ಪೆನ್ನು ಕೆಳಗಿಟ್ಟು ಚಹಾ ತರಿಸಿದರು. ಚಹಾ ಮುಗಿಯುವಷ್ಟರಲ್ಲಿ ರೇಟು ಹದಿನಾಲ್ಕಕ್ಕೆ ಇಳಿದಿತ್ತು. ಈಗ ಅದು ನಮ್ಮ ಧಾರವಾಡದ ಮನೆ ಪಡಸಾಲೆಯಲ್ಲಿದೆ. ಬಿಲ್ಲಿನಲ್ಲಿ ಇರುವುದಿಷ್ಟು: ಸಾಗವಾನಿ ಕುರ್ಚಿ, 1 ನಗ.