ವೈಕಿಂಗರ ಕಾಲದ ಬೆಳ್ಳಿ ನಾಣ್ಯ: ದಿರ್ಹಮ್, ಎಥೆಲ್ರೆಡ್ ಪೆನ್ನಿ, ಡಬ್ಲಿನ್ ಪೆನ್ನಿ

ವೈಕಿಂಗರ (ಸ್ಕ್ಯಾಂಡಿನೇವಿಯಾದಿಂದ ಕಡಲು ದಾಟಿ ಬಂದು ದಾಳಿ, ವ್ಯಾಪಾರ ಮಾಡಿದವರ) ಕಾಲದ ಬೆಳ್ಳಿ ನಾಣ್ಯ ಕೂಡಿಹಾಕಬೇಕು ಅನ್ನೋ ಆಸೆ ಇದ್ದರೆ ಕೈಗೆಟುಕುವ ದಾರಿ ಮುಖ್ಯವಾಗಿ ಮೂರು. ಮಧ್ಯ ಏಷ್ಯಾದ ಸಾಮಾನಿ ದೊರೆಗಳ ದಿರ್ಹಮ್, ಇಂಗ್ಲೆಂಡಿನ ರಾಜ ಎರಡನೇ ಎಥೆಲ್ರೆಡ್‌ನ ಪೆನ್ನಿ, ಐರ್ಲೆಂಡಿನ ಡಬ್ಲಿನ್ ಆಳಿದ ನಾರ್ಸ್ (ಅಂದರೆ ಸ್ಕ್ಯಾಂಡಿನೇವಿಯಾ ಮೂಲದ) ರಾಜ ಸಿಟ್ರಿಕ್‌ನ ಪೆನ್ನಿ. ಇಂಗ್ಲೆಂಡಿನಲ್ಲಿದ್ದುಕೊಂಡು ಮೂರನ್ನೂ ಕೊಂಡು, ತೂಗಿ, ಓದಿ ನೋಡಿದ್ದೇನೆ. ಯಾರ್ಕ್‌ನಲ್ಲಿ ರಾಜ ಆನ್ಲಾಫ್ ಹೊಡೆಸಿದ ರೇವನ್ ಹಕ್ಕಿಯ ಪೆನ್ನಿ ಇವಕ್ಕಿಂತ ಚೆಂದ. ಆದರೆ ಅದರ ಬೆಲೆ ಸಾವಿರಾರು ಪೌಂಡ್, ಹಾಗಾಗಿ ಇಲ್ಲಿ ಅದರ ಮಾತು ಬೇಡ.

ಅಗ್ಗ ಅಂದರೆ ದಿರ್ಹಮ್. ಒಂದು ಎಥೆಲ್ರೆಡ್ ಪೆನ್ನಿಯ ದುಡ್ಡಿಗೆ ಹಲವು ದಿರ್ಹಮ್ ಸಿಗುತ್ತವೆ. ಸುಮಾರು 3 ಗ್ರಾಂ ತೂಕದ ಅಗಲ ನಾಣ್ಯ, ಒಳ್ಳೆ ಬೆಳ್ಳಿ. ಓದುವುದರಲ್ಲೂ ಒಂದು ಸುಖವಿದೆ. ಲಿಪಿ ಕೂಫಿಕ್ ಎಂಬ ಹಳೆಯ ಅರಬ್ಬಿ ಬರಹ, ಅಕ್ಷರಕ್ಕೆ ಚುಕ್ಕೆಗಳಿಲ್ಲ. ಇಸವಿಯನ್ನು ಅಂಕಿಯಲ್ಲಿ ಬರೆದಿಲ್ಲ, ಅಂಚಿನ ಸುತ್ತ ಮಾತಿನಲ್ಲೇ ಬರೆದಿದ್ದಾರೆ. ನನ್ನದರಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದಿದರೆ 'ಅಲ್-ಶಾಶ್‌ನಲ್ಲಿ, ಮುನ್ನೂರ ಮೂರನೇ ವರ್ಷ' ಅಂತ ಬಂತು. ಅಲ್-ಶಾಶ್ ಅಂದರೆ ಇವತ್ತಿನ ತಾಷ್ಕೆಂಟ್, ಹಿಜರಿ 303 ಅಂದರೆ ಕ್ರಿ.ಶ. 915-16. ಹಿಂಬದಿಯಲ್ಲಿ ಬಾಗ್ದಾದಿನ ಖಲೀಫ ಅಲ್-ಮುಕ್ತದಿರ್ ಹೆಸರು, ಅದರ ಕೆಳಗೆ ಸಾಮಾನಿ ದೊರೆ ನಸ್ರ್ ಬಿನ್ ಅಹ್ಮದ್‌ನ ಹೆಸರು.

ಇಂಥ ನಾಣ್ಯಗಳು ವೋಲ್ಗಾ ನದಿಯ ದಾರಿಯಲ್ಲಿ ತುಪ್ಪಳ ಮತ್ತು ಗುಲಾಮರಿಗೆ ಬೆಲೆಯಾಗಿ ಉತ್ತರಕ್ಕೆ ಹರಿದವು. ಆ ಹರಿವು ಸಾಮಾನಿಗಳಿಗಿಂತ ಮುಂಚೆಯೇ ಶುರುವಾಗಿತ್ತು. ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದ ಸ್ಪಿಲ್ಲಿಂಗ್ಸ್‌ನಲ್ಲಿ 1999ರಲ್ಲಿ ಸಿಕ್ಕ ನಿಧಿಯಲ್ಲಿ ಸುಮಾರು 67 ಕಿಲೋ ಬೆಳ್ಳಿಯಿತ್ತು. ಅದರಲ್ಲಿದ್ದ 14,000ಕ್ಕೂ ಹೆಚ್ಚು ನಾಣ್ಯಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅರಬ್ಬಿ ಬರಹದವೇ.

ತೊಡಕಿರುವುದೂ ಇಲ್ಲೇ. ಸಾಮಾನಿ ದಿರ್ಹಮ್‌ಗಳೆಲ್ಲ ಉತ್ತರಕ್ಕೆ ಹೋಗಲಿಲ್ಲ. ಇಂದು ಮಾರಾಟಕ್ಕೆ ಬರುವ ಎಷ್ಟೋ ನಾಣ್ಯಗಳು ಮಧ್ಯ ಏಷ್ಯಾದ ಮಣ್ಣಿನಲ್ಲೇ ಉಳಿದು ಬಂದವು. ಅವು ವೈಕಿಂಗರ ಕಾಲದವು ನಿಜ, ವೈಕಿಂಗರ ಕೈ ಸೇರಿದವು ಅಂತ ಹೇಳುವ ಹಾಗಿಲ್ಲ. ನನ್ನ ದಿರ್ಹಮ್ ಇಡಿಯಾಗಿದೆ, ಒಂದು ಗೀರೂ ಇಲ್ಲ. ನೋಡಲು ಸೊಗಸು, ಆದರೆ ಅದು ಉತ್ತರದ ಕಡಲು ಕಂಡಿತ್ತು ಅನ್ನೋಕೆ ಯಾವ ಗುರುತೂ ಇಲ್ಲ.

ಎಥೆಲ್ರೆಡ್ ಪೆನ್ನಿಯ ಕಥೆ ಬೇರೆ. ದಾಳಿ ನಿಲ್ಲಿಸಿ ಅಂತ ಇಂಗ್ಲೆಂಡ್ ವೈಕಿಂಗರಿಗೆ 991ರಲ್ಲಿ 10,000 ಪೌಂಡ್ ಕೊಟ್ಟಿತು, 994ರಲ್ಲಿ 16,000, 1002ರಲ್ಲಿ 24,000, 1012ರಲ್ಲಿ 48,000. ಒಂದು ಪೌಂಡಿಗೆ 240 ಪೆನ್ನಿ, ಲೆಕ್ಕ ಹಾಕಿ ನೋಡಿ! ಆ ಕಾಲದ ಇಂಗ್ಲಿಷ್ ಪೆನ್ನಿಗಳು ಇಂಗ್ಲೆಂಡಿಗಿಂತ ಸ್ಕ್ಯಾಂಡಿನೇವಿಯಾದಲ್ಲೇ ಜಾಸ್ತಿ ಸಿಕ್ಕಿವೆ.

ನನ್ನ ಹತ್ತಿರ ಇರುವುದು ಉದ್ದ ಶಿಲುಬೆಯ ಮಾದರಿ, ಸುಮಾರು 997ರಿಂದ 1003ರ ನಡುವೆ ಹೊಡೆದದ್ದು. ಮುಂದೆ ರಾಜನ ಮುಖ, ಹಿಂದೆ ಅಂಚಿನವರೆಗೆ ಚಾಚಿದ ಶಿಲುಬೆ. ಅದರ ಸುತ್ತ ನಾಣ್ಯ ಹೊಡೆದವನ ಹೆಸರು, ಜೊತೆಗೆ ಊರಿನ ಹೆಸರೂ ಇದೆ. ಸಾವಿರ ವರ್ಷದ ಹಿಂದಿನ ಒಬ್ಬ ಟಂಕಸಾಲೆಯವನ ಹೆಸರು ಅಂಗೈಯಲ್ಲಿ! ಈ ಸಂತೋಷ ದಿರ್ಹಮ್ ಕೊಡಲಿಲ್ಲ. ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ನೋಡಿದರೆ ರಾಜನ ಕತ್ತಿನ ಬಳಿ ಚಾಕುವಿನ ಮೊನೆಯಿಂದ ಚುಚ್ಚಿ ಎಬ್ಬಿಸಿದ ಮೂರು ಪುಟ್ಟ ಗಾಯಗಳು ಕಾಣುತ್ತವೆ. ಒಳಗೆ ತಾಮ್ರ ಇಟ್ಟು ಮೇಲೆ ಬೆಳ್ಳಿ ಲೇಪಿಸಿದ್ದಾರಾ ಅಂತ ಪರೀಕ್ಷೆ ಮಾಡಿದ ಗುರುತು ಅದು. ಹೀಗೆ ಚುಚ್ಚಿ ನೋಡುವುದು ಉತ್ತರದವರ ಅಭ್ಯಾಸ. ಇಂಗ್ಲೆಂಡಿನಲ್ಲಿ ರಾಜನ ನಾಣ್ಯವನ್ನು ಎಣಿಸಿ ಕೊಡುತ್ತಿದ್ದರು, ತೂಗಿ ಚುಚ್ಚುವ ಪ್ರಮೇಯ ಇರಲಿಲ್ಲ. ಮಾರುವವರು ಈ ಗಾಯಗಳನ್ನು ಕುಂದು ಅಂತ ಲೆಕ್ಕಹಾಕಿ ಬೆಲೆ ಇಳಿಸುತ್ತಾರೆ. ನನಗೆ ಬೇಕಾದದ್ದೇ ಅದು.

ಡಬ್ಲಿನ್ ಪೆನ್ನಿಯ ಹೆಚ್ಚುಗಾರಿಕೆ ಒಂದೇ: ಹೆಸರು ನಿಜಕ್ಕೂ ನಾರ್ಸ್ ರಾಜನದು. ಐರ್ಲೆಂಡಿನಲ್ಲಿ ಹೊಡೆದ ಮೊದಲ ನಾಣ್ಯಗಳೇ ಸಿಟ್ರಿಕ್‌ನವು, 990ರ ದಶಕದ ಕೊನೆಯ ಭಾಗದವು. ರೂಪ ಮಾತ್ರ ಎಥೆಲ್ರೆಡ್ ಪೆನ್ನಿಯ ನೇರ ನಕಲು. ಹೆಸರು ಸ್ಪಷ್ಟವಾಗಿರುವ ಮೊದಲ ಹಂತದವು ತುಂಬಾ ದುಬಾರಿ. ನನಗೆ ಸಿಕ್ಕಿದ್ದು ಬಹಳ ತಡವಾದ ಹಂತದ್ದು. ಒಂದು ಗ್ರಾಂ ಕೂಡ ತೂಗಲ್ಲ, ಅಕ್ಷರಗಳ ಜಾಗದಲ್ಲಿ ಬರೀ ಗೆರೆಗಳಿವೆ, ಶಿಲುಬೆಯ ಮೂಲೆಯಲ್ಲಿ ಒಂದು ಪುಟ್ಟ ಕೈ. ಆ ಕೈ ನನಗೆ ಇಷ್ಟ. ಆದರೆ ಓದಲು ಏನೂ ಇಲ್ಲದ ನಾಣ್ಯವನ್ನು ಮೊದಲ ಸಲವೇ ಕೊಳ್ಳಿ ಅಂತ ಹೇಳಲಾರೆ.

ಒಂದೇ ಒಂದು ಕೊಳ್ಳುವುದಾದರೆ, ಚುಚ್ಚಿದ ಗುರುತಿರುವ ಎಥೆಲ್ರೆಡ್ ಪೆನ್ನಿ. ದುಡ್ಡು ಸಾಲದಿದ್ದರೆ ದಿರ್ಹಮ್ ಕೊಳ್ಳಿ, ಆದರೆ 'ವೈಕಿಂಗ್ ನಾಣ್ಯ' ಅನ್ನೋ ಹಣೆಪಟ್ಟಿಗೆ ಹೆಚ್ಚು ಹಣ ಕೊಡಬೇಡಿ.

ಯಾವುದನ್ನೇ ಕೊಂಡರೂ ಎಲ್ಲಿಂದ ಬಂತು ಅಂತ ಕೇಳಲೇಬೇಕು. ಹಳೆಯ ಹರಾಜಿನ ಚೀಟಿಯೋ, ಹಿಂದಿನ ಸಂಗ್ರಹದ ದಾಖಲೆಯೋ ಇರಬೇಕು. ಇಂಗ್ಲೆಂಡಿನಲ್ಲಿ ನಿಧಿ ಸಿಕ್ಕರೆ 1996ರ ಕಾನೂನಿನ ಪ್ರಕಾರ ಅಧಿಕಾರಿಗಳಿಗೆ ತಿಳಿಸಲೇಬೇಕು. ಹೆರೆಫೋರ್ಡ್‌ಶೈರ್‌ನಲ್ಲಿ 2015ರಲ್ಲಿ ಸಿಕ್ಕ ವೈಕಿಂಗ್ ನಿಧಿಯನ್ನು ಮುಚ್ಚಿಟ್ಟು ಮಾರಿದವರು 2019ರಲ್ಲಿ ಜೈಲು ಸೇರಿದರು. ಅದರಲ್ಲಿ ಸುಮಾರು 300 ನಾಣ್ಯಗಳಿದ್ದವು ಎಂಬ ಅಂದಾಜಿದೆ, ಆಗ ಕೈಗೆ ಸಿಕ್ಕಿದ್ದು 31 ಮಾತ್ರ. ಉಳಿದವು ಯಾರ್ಯಾರ ಕೈ ಸೇರಿವೆಯೋ. ಇಂಗ್ಲಿಷ್ ಪೆನ್ನಿಯಾದರೆ ಕೇಂಬ್ರಿಡ್ಜಿನ ಫಿಟ್ಸ್‌ವಿಲಿಯಂ ಮ್ಯೂಸಿಯಂನವರ ಆನ್‌ಲೈನ್ ಪಟ್ಟಿ ಇದೆ, ನೋಡಲು ದುಡ್ಡು ಕೊಡಬೇಕಿಲ್ಲ. ನಾಣ್ಯ ಹೊಡೆದವನ ಹೆಸರು, ಊರು ಹಾಕಿ ಹುಡುಕಿ, ಅಲ್ಲಿರುವ ಚಿತ್ರಗಳ ಪಕ್ಕ ನಿಮ್ಮದನ್ನು ಇಟ್ಟು ನೋಡಿ, ಆಮೇಲೆ ದುಡ್ಡು ಕೊಡಿ.