ಬಳ್ಳಾರಿಯ 'ಗುರುಕುಲ ಪದ್ಧತಿ' ಶಾಲೆ: ಮರಳಿಗೆ ಫುಲ್ ಮಾರ್ಕ್ಸ್, ಕಿಟ್‌ಗೆ ಸೊನ್ನೆ

'ಗುರುಕುಲ ಪದ್ಧತಿ, ಸಿಬಿಎಸ್‌ಇ ಸಿಲಬಸ್' ಅಂತ ಬೋರ್ಡ್ ಹಾಕಿಕೊಂಡ ಶಾಲೆಗೆ ಮಗಳನ್ನು ಎಲ್‌ಕೆಜಿಯಿಂದ ಕಳಿಸುತ್ತಿದ್ದೇನೆ. ಈಗ ಎರಡನೇ ಕ್ಲಾಸು. ಅಡ್ಮಿಷನ್ ಸೀಸನ್ ಶುರುವಾಗಿದೆ. ಬ್ಯಾಂಕಿನಲ್ಲಿ ದಿನಾ ಒಬ್ಬರಾದರೂ 'ಹೇಗಿದೆ ಮೇಡಂ ಸ್ಕೂಲು?' ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಯ ಹೆಸರು ಹಾಕಲ್ಲ.

ಚಿಕ್ಕವರಿಗೆ ಅಕ್ಷರ ಕಲಿಸೋದು ಮರಳಿನ ತಟ್ಟೆಯಲ್ಲಿ. ನನ್ನ ಮಗಳಿಗೆ 'ಳ' ಬರೆಯೋಕೇ ಬರುತ್ತಿರಲಿಲ್ಲ, ಸುರುಳಿ ಉಲ್ಟಾ ಹೋಗೋದು. ನಾಲ್ಕನೇ ಕ್ಲಾಸಿನ ಅಕ್ಕ ಒಬ್ಬಳು ಪಕ್ಕದಲ್ಲಿ ಕೂತು, ಇವಳ ತೋರುಬೆರಳು ಹಿಡಿದು ತಿದ್ದಿಸಿದಳು. ತಟ್ಟೆ ಅಲ್ಲಾಡಿಸಿದರೆ ತಪ್ಪು ಮಾಯ. ಕೆಂಪು ಇಂಕಿನ ಕಾಟವೇ ಇಲ್ಲ.

ಇದು ನಮ್ಮೂರಿಗೆ ಹೊಸದೇನಲ್ಲ. 1823ರಲ್ಲಿ ಬಳ್ಳಾರಿ ಕಲೆಕ್ಟರ್ ಕ್ಯಾಂಪ್‌ಬೆಲ್ ಜಿಲ್ಲೆಯ 533 ಶಾಲೆಗಳ ಬಗ್ಗೆ ವರದಿ ಬರೆದಿದ್ದ. ಕಲಿಕೆಯಲ್ಲಿ ಮುಂದಿರುವ ಮಕ್ಕಳೇ ಹಿಂದಿರುವವರಿಗೆ ಕಲಿಸೋದನ್ನು ಅದರಲ್ಲಿ ಮೆಚ್ಚಿಕೊಂಡಿದ್ದ. ಇಂಗ್ಲೆಂಡಿನವರೂ ಇದನ್ನು ನೋಡಿ ಕಲಿತರು ಅಂದಿದ್ದ. ಆದರೆ ಆ ಶಾಲೆಗಳ 6,641 ಮಕ್ಕಳಲ್ಲಿ ಹುಡುಗಿಯರು ಬರೀ 60. ಜೊತೆಗೆ ಅದು ಮೇಷ್ಟ್ರು ಮಕ್ಕಳಿಗೆ ಕೋದಂಡ ಹಾಕುತ್ತಿದ್ದ, ಅಂದರೆ ಕೈ ಕಟ್ಟಿ ಸೂರಿಗೆ ನೇತುಹಾಕುತ್ತಿದ್ದ ಕಾಲ. ಪ್ರಿನ್ಸಿಪಾಲರು 'ಎಲ್ಲವೂ ನಮ್ಮ ಹಿರಿಯರ ಕಾಲದಂತೆ' ಅಂತ ಭಾಷಣ ಶುರು ಮಾಡಿದರೆ ನನಗೆ ನಗು ಬರುತ್ತೆ. ಹಾಗೇ ಆಗಿದ್ದರೆ ನನ್ನ ಮಗಳು ಮನೆಯಲ್ಲೇ ಇರಬೇಕಿತ್ತು, ಅಲ್ವಾ?

ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಯನ್ನೂ ಬಾಯಿಪಾಠ ಮಾಡಿಸುತ್ತಾರೆ. ಮೊನ್ನೆ ಕೆಜಿಗೆ 60 ರೂಪಾಯಿಯ ಬದನೆಕಾಯಿ ಮುಕ್ಕಾಲು ಕೆಜಿ ತೂಗಿಸಿದೆ. ಅಂಗಡಿಯವನು ಕ್ಯಾಲ್ಕುಲೇಟರ್ ಒತ್ತುವಷ್ಟರಲ್ಲಿ ಇವಳು 'ನಲವತ್ತೈದು' ಅಂದಳು. ಫೀಸು ಕಟ್ಟಿದ್ದಕ್ಕೆ ಸಮಾಧಾನ ಆಗಿದ್ದು ಆಗಲೇ.

ಬೇಜಾರಿನ ಸಂಗತಿ ಪಂಚಕೋಶದ್ದು. ತೈತ್ತಿರೀಯ ಉಪನಿಷತ್ತಿನ ಈ ವಿಚಾರ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೂ ಇದೆ. ದೇಹ, ಪ್ರಾಣ, ಮನಸ್ಸು, ಬುದ್ಧಿ, ಆನಂದ ಎಲ್ಲವೂ ಒಟ್ಟಿಗೆ ಬೆಳೆಯಬೇಕು ಅನ್ನೋದು ಅದರ ತಿರುಳು. ಇಲ್ಲಿ ಅದು ಗೋಡೆ ಮೇಲಿನ ಪೋಸ್ಟರ್ ಅಷ್ಟೇ. ಆಟದ ಪೀರಿಯಡ್ ವಾರಕ್ಕೆ ಎರಡು. ಟೆಸ್ಟ್ ಹತ್ತಿರ ಬಂದರೆ ಅದರಲ್ಲೂ ಒಂದನ್ನು ಗಣಿತದ ಮಿಸ್ ಕಿತ್ತುಕೊಳ್ಳುತ್ತಾರೆ. ಅನ್ನಮಯ ಕೋಶ, ಅಂದರೆ ದೇಹ, ಬೆಂಚಿನ ಮೇಲೆ ಕೂತು ಬೆಳೆಯುತ್ತಾ? ಬೆಳಗಿನ ಶ್ಲೋಕಗಳ ಅರ್ಥ ಕೇಳಿದರೆ ಟೀಚರ್ ಕೂಡ ಸುಮ್ನೆ ನಗುತ್ತಾರೆ. ಕನ್ನಡದ ವಚನ ಒಂದನ್ನೂ ಹೇಳಿಸಲ್ಲ.

ಇನ್ನು 'ಗುರುಕುಲ ಕಿಟ್'. ಒಂದು ಚಾಪೆ, ತಾಮ್ರದ ಚೊಂಬು, ಸೆಣಬಿನ ಚೀಲ. ಇಷ್ಟಕ್ಕೆ 3,800 ರೂಪಾಯಿ! ಚಾಪೆ ದೀಪಾವಳಿ ಹೊತ್ತಿಗೇ ಬಿಚ್ಚಿಕೊಂಡಿತು.

ಐದಕ್ಕೆ ಮೂರು ಸ್ಟಾರ್. ನೋಡೋಕೆ ಹೋಗುವವರು ಓಪನ್ ಡೇ ದಿನ ಹೋಗಬೇಡಿ, ಅವತ್ತು ಹೋಮ, ಭಜನೆ ಬಿಟ್ಟು ಬೇರೇನೂ ಕಾಣಲ್ಲ. ವಾರದ ನಡುವೆ ಹೋಗಿ ಒಂದನೇ ಕ್ಲಾಸಿನಲ್ಲಿ ಅರ್ಧ ಗಂಟೆ ಕೂರುತ್ತೇವೆ ಅನ್ನಿ, ಬಿಡುತ್ತಾರೆ. ಸೇರಿಸಿದರೆ ಕಿಟ್ ಬೇಡ ಅಂತ ಬರೆದುಕೊಡಿ. ಪಕ್ಕದ ಮನೆಯವರು ಹಾಗೇ ಮಾಡಿದರು, ಯಾರೂ ತಕರಾರು ಮಾಡಲಿಲ್ಲ.